ನೆಲದ ಮೇಲಿನ ಅರ್ಧ ತಾಸು

ಹೋದ ತಿಂಗಳು ನನ್ನ ಅಂಗಡಿಗೆ ಬ್ಲೌಸಿನ ಅಳತೆ ಕೊಡಲು ಒಬ್ಬ ಹುಡುಗಿ ಬಂದಿದ್ದಳು. ಮದುವೆ ಗೊತ್ತಾಗಿತ್ತು, ಮುಖದಲ್ಲಿ ಕಳೆ ಇತ್ತು. ಅಳತೆ ಕೊಟ್ಟು ಸ್ವಲ್ಪ ಹೊತ್ತು ಕೂತವಳು, ಏಳುವಾಗ ಒಂದು ಕೈಯನ್ನು ತೊಡೆಗೆ ಊರಿ, ಇನ್ನೊಂದನ್ನು ಗೋಡೆಗೆ ಕೊಟ್ಟು, ಮೊದಲು ಸೊಂಟ, ಆಮೇಲೆ ಬೆನ್ನು, ಕೊನೆಗೆ ಕುತ್ತಿಗೆ ಎಂದು ಕಂತು ಕಂತಾಗಿ ಎದ್ದಳು. ಹಾಗೆ ಏಳುವುದು ನನಗೆ ಚೆನ್ನಾಗಿ ಗೊತ್ತು.

"ಮುಂಜಾನೆ ಭಾಳ ಹಿಡಕೊಂತೈತೇನ್ ಬೇ?" ಎಂದು ಕೇಳಿದೆ.

ಅವಳು ಬಾಗಿಲ ಕಡೆ ನೋಡಿ, "ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕಾ," ಎಂದಳು.

ಆಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಆಕೆಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಹೀಗೆ ಗೋಡೆ ಹಿಡಿದು ಏಳುವವರು ಇನ್ನೂ ಎಷ್ಟು ಮನೆಗಳಲ್ಲಿ ಇದ್ದಾರೋ.

ನನ್ನ ಹೆಸರು ಕಸ್ತೂರಿ. ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆ. ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆಯ ಅಂಗಡಿ. ಗಂಡ ಮಲ್ಲಿಕಾರ್ಜುನ ತಿಕೋಟಾದ ಶಾಲೆಯೊಂದರಲ್ಲಿ ಮಾಸ್ತರು, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಒಬ್ಬಳೇ ಮಗಳು, ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಾಳೆ. ಅತ್ತೆ ಗುರುಬಾಯಿ ನಮ್ಮ ಜೊತೆ ಇದ್ದಾರೆ. ಅವರು ಬಬಲೇಶ್ವರದ ಕಾಳಿನ ವ್ಯಾಪಾರಿಗಳ ಮನೆಯಲ್ಲಿ ಬೆಳೆದವರು. ನನ್ನ ತವರು ಸಾರವಾಡ. ಅಲ್ಲಿ ಅಪ್ಪ, ಅಣ್ಣ, ಅಣ್ಣನ ಹೆಂಡತಿ ಮಕ್ಕಳು, ಎರಡು ಎಮ್ಮೆ, ಒಂದು ಟ್ರ್ಯಾಕ್ಟರ್.

ನೋವು ಶುರುವಾದಾಗ ನನಗೆ ಮೂವತ್ತಾರು. ಸೊಂಟದ ಕೆಳಗೆ, ಆಳದಲ್ಲೆಲ್ಲೋ, ಕೆಲವು ದಿನ ಎಡಕ್ಕೆ, ಕೆಲವು ದಿನ ಬಲಕ್ಕೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಬೆನ್ನು ಹಲಗೆಯಂತೆ ಇರುತ್ತಿತ್ತು. ಮಗ್ಗುಲಾಗಬೇಕೆಂದರೆ ಮಂಚದ ಅಂಚು ಹಿಡಿದು ಎಳೆದುಕೊಳ್ಳಬೇಕು. ಗಂಡ ಎರಡೂ ಕೈ ಹಿಡಿದು ಎತ್ತಿ ಕೂರಿಸುತ್ತಿದ್ದರು. ಸೀನು ಬಂದರೆ ಹೆದರಿಕೆ, ಏಕೆಂದರೆ ಒಂದು ಸೀನಿಗೆ ಪಕ್ಕೆಲುಬಿನಿಂದ ಸೊಂಟದವರೆಗೆ ಮಿಂಚು ಹೊಡೆದಂತಾಗುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಹೇಗೋ ಸಡಿಲಾಗಿ, ಮಧ್ಯಾಹ್ನ ಮಷೀನಿನ ಮುಂದೆ ಕೂತು ಹೊಲಿಯುತ್ತಿದ್ದೆ. ಸಂಜೆ ಎಲ್ಲರಂತೆ ನಗುತ್ತಿದ್ದೆ.

ಅದೇ ತೊಂದರೆಯಾಯಿತು. ಬೆಳಿಗ್ಗೆ ಅಳುವವಳು ಮಧ್ಯಾಹ್ನ ನಗುತ್ತಾಳೆಂದರೆ ಯಾರು ನಂಬುತ್ತಾರೆ? ಓಣಿಯ ಒಬ್ಬರು ನನಗೆ ಕೇಳುವಂತೆಯೇ, "ರೊಟ್ಟಿ ಬಡಿಯೂ ಹೊತ್ತಿಗೇ ಬರತೈತಿ ನೋಡ ಈಕಿ ಬ್ಯಾನಿ," ಎಂದಿದ್ದರು. ಒಂದೊಂದು ಸಲ ನನಗೇ ಅನುಮಾನ ಬರುತ್ತಿತ್ತು. ನಾನೇ ನಾಟಕ ಮಾಡುತ್ತಿದ್ದೇನೆಯೇ, ನನಗೇ ಗೊತ್ತಿಲ್ಲದೆ?

ಅತ್ತೆ ಮಾತ್ರ ನಂಬಿದರು. ನಂಬಿ ಅಡುಗೆಮನೆಯನ್ನು ಪೂರ್ತಿ ತಾವೇ ಹಿಡಿದರು. "ನೀ ಮಲಕೋ ಬೇ. ಹತ್ತ ದಿನ ಏಳಬ್ಯಾಡ. ತಾನ ಆರಾಮ ಆಗತೈತಿ," ಎಂದರು. ಯಾರನ್ನು ಕೇಳಿದರೂ ಅದೇ ಮಾತು. ಔಷಧದ ಅಂಗಡಿಯವರು ಸೊಂಟದ ಪಟ್ಟಿ ಕೊಟ್ಟು, ಹೊಲಿಗೆ ಬಿಟ್ಟು ವಿಶ್ರಾಂತಿ ತಗೊಳ್ಳಿ ಎಂದರು. ನಾನೂ ಹತ್ತು ದಿನ ಮಲಗಿದೆ. ಬಾಳಂತಿಯಂತೆ ನೋಡಿಕೊಂಡರು. ಹನ್ನೊಂದನೆಯ ದಿನ ನನಗೆ ತಲೆ ತಿರುಗಿಸಿ ಬಾಗಿಲ ಕಡೆ ನೋಡಲೂ ಆಗಲಿಲ್ಲ. ಮಲಗಿದಷ್ಟೂ ಕಲ್ಲಾಗಿದ್ದೆ. ಅತ್ತೆ ಹಾಸಿಗೆಯ ಪಕ್ಕ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ತಮ್ಮ ಆರೈಕೆಯೇ ನನ್ನನ್ನು ಹೀಗೆ ಮಾಡಿತೆಂದು ಆಗ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಬಬಲೇಶ್ವರದಲ್ಲಿ ಬೆನ್ನು ತಿಕ್ಕಿ ನರ ಬಿಡಿಸುವ ಒಬ್ಬ ಮುದುಕರಿದ್ದರು. ಅತ್ತೆ ಸಣ್ಣವರಿದ್ದಾಗಿನಿಂದ ಬಲ್ಲವರು. ಸಂತೆಯ ದಿನ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹತ್ತು ಹದಿನೈದು ಜನ ಕಾಯುತ್ತಿದ್ದರು. ಒಳಗಿನಿಂದ ಆಗಾಗ ಯಾರೋ "ಯವ್ವಾ!" ಎಂದು ಕೂಗುವುದು ಕೇಳಿಸುತ್ತಿತ್ತು. ನನ್ನ ಸರದಿ ಬಂತು. ಆ ಮುದುಕರು ಸೀರೆಯ ಮೇಲಿನಿಂದಲೇ ಬೆನ್ನಿಗೆ ಹೆಬ್ಬೆರಳು ಇಟ್ಟು, ಕುತ್ತಿಗೆಯಿಂದ ಸೊಂಟದವರೆಗೆ ಒಂದು ಸಲ ಇಳಿಸಿದರು. ಮತ್ತೊಮ್ಮೆ ಇಳಿಸಿದರು. ಆಮೇಲೆ ಕೈ ತೆಗೆದುಬಿಟ್ಟರು.

"ಗುರುಬಾಯಿ, ಇದು ನರಾ ಹಿಡಿದದ್ದಲ್ಲವ್ವಾ. ಒಳಗ ಎಲುಬು ಒಂದಕ್ಕೊಂದು ಅಂಟಾಕತ್ತಾವ. ನಾ ಮುಟ್ಟಿದ್ರ ಮುರೀತೈತಿ. ದೊಡ್ಡ ಡಾಕ್ಟರ ಕಡೆ ಕರ್ಕೊಂಡ್ ಹೋಗು," ಎಂದರು.

ಅತ್ತೆ ಕಾಣಿಕೆಯೆಂದು ಚೀಲದಿಂದ ತೆಂಗಿನಕಾಯಿ ತೆಗೆದರೆ ಅದನ್ನೂ ಮುಟ್ಟಲಿಲ್ಲ. ಓದು ಬರಹ ಇಲ್ಲದ ಆ ಮನುಷ್ಯ ಎರಡು ಹೆಬ್ಬೆರಳಿನಲ್ಲಿ ಕಂಡುಕೊಂಡದ್ದನ್ನು ನೆನೆದರೆ ನನಗೆ ಇಂದಿಗೂ ಬೆರಗಾಗುತ್ತದೆ. ತನಗೆ ಬಾರದ ಕೆಲಸವನ್ನು ಬಾರದು ಎಂದು ಹೇಳಿದ ಮೊದಲ ಮನುಷ್ಯ ಅವರೇ.

ವಾರದಲ್ಲಿ ಒಂದು ದಿನ ಊರಿಗೆ ಬರುವ ಸಂಧಿವಾತದ ಡಾಕ್ಟರರ ಚೀಟಿ ಸಿಗಲು ಮೂರು ವಾರ ಹಿಡಿಯಿತು. ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಕೂತರೆ ಹಿಡಿದುಕೊಳ್ಳುತ್ತದೆ ಎಂದು ನಾನು ಗೋಡೆಯ ಗುಂಟ ಅಡ್ಡಾಡುತ್ತಿದ್ದೆ. ನೋಡಿದರೆ ನನ್ನ ಹಾಗೆಯೇ ಇನ್ನೊಬ್ಬ ಹೆಂಗಸು ಎದುರಿನ ಗೋಡೆಯ ಗುಂಟ ಅಡ್ಡಾಡುತ್ತಿದ್ದಳು. ನಾವಿಬ್ಬರೂ ನಡುವೆ ಎರಡು ಮೂರು ಸಲ ಎದುರಾದೆವು. ನಾಲ್ಕನೆಯ ಸಲ ಆಕೆ ನಕ್ಕಳು, ನಾನೂ ನಕ್ಕೆ. ಆಕೆಯ ಹೆಸರು ಕೇಳಲಿಲ್ಲ. ನೋವು ಶುರುವಾದ ಮೂರು ವರ್ಷದಲ್ಲಿ ನಾನೊಬ್ಬಳೇ ಅಲ್ಲ ಎಂದು ಮೊದಲ ಬಾರಿ ಅನ್ನಿಸಿದ್ದು ಅಲ್ಲಿ.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು, ಪೆನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಮಲಕೊಂಡ್ರ ನೋವು ಹಗರಾಗತೈತ್ರ್ಯೋ, ಹೆಚ್ಚಾಗತೈತ್ರ್ಯೋ?"

"ಹೆಚ್ಚಾಗತೈತ್ರಿ," ಎಂದೆ. "ಅಡ್ಡಾಡಿದ್ರ ಹಗರಾಗತೈತ್ರಿ. ಆದ್ರ ಹಂಗ ಹೇಳಿದ್ರ ಯಾರೂ ನಂಬಂಗಿಲ್ರಿ."

"ನಾ ನಂಬ್ತೇನ್ರಿ," ಎಂದರು ಅವರು. ನಾನು ಅಲ್ಲೇ ಅತ್ತುಬಿಟ್ಟೆ. ರೋಗದ ಹೆಸರು ಇನ್ನೂ ಹೇಳಿರಲಿಲ್ಲ, ಔಷಧ ಬರೆದಿರಲಿಲ್ಲ, ಬರೀ ನಂಬಿದ್ದರು.

ರಕ್ತ ಪರೀಕ್ಷೆಯಾಯಿತು, ಸೊಂಟದ ಸ್ಕ್ಯಾನ್ ಆಯಿತು. ಮುಂದಿನ ವಾರ ಹೋದಾಗ ಹೆಸರು ಹೇಳಿದರು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಬೆನ್ನೆಲುಬಿನ ಕೀಲುಗಳು ಉರಿದು ಉರಿದು ನಿಧಾನವಾಗಿ ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ. ಪೂರ್ತಿ ಹೋಗುವುದಿಲ್ಲ, ಆದರೆ ಹಿಡಿದು ನಿಲ್ಲಿಸಬಹುದು ಎಂದರು. ನನ್ನ ಗಂಡ ಜೇಬಿನಿಂದ ಬಸ್ಸಿನ ಟಿಕೆಟ್ ತೆಗೆದು ಅದರ ಹಿಂದೆ ಹೆಸರನ್ನು ಅಕ್ಷರ ಬಿಡಿಸಿ ಬರೆದುಕೊಂಡರು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ, "ನಿಮ್ಮ ತವರಮನ್ಯಾಗ ಯಾರದರ ಬೆನ್ನು ಬಾಗೈತೇನ್ರಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲು ಗಂಡನೇ ಹೇಳಿದರು. "ನಮ್ಮ ಮಾವಾರದು ಬಾಗೈತ್ರಿ."

ನನ್ನ ಅಪ್ಪ ಸಿದ್ದಪ್ಪ ಬಾಗಿದ್ದು ನಾನು ಸಾಲೆಗೆ ಹೋಗುವಾಗಲೇ. ಚೀಲ ಹೊತ್ತು ಹೊತ್ತು ಹಾಗಾಯಿತೆಂದು ಊರೆಲ್ಲ ಹೇಳುತ್ತಿತ್ತು, ಅಪ್ಪನೂ ಹಾಗೇ ತಿಳಿದಿದ್ದ. ವರ್ಷ ವರ್ಷಕ್ಕೆ ಇನ್ನಷ್ಟು ಬಾಗಿ, ಈಗ ನಿಂತರೆ ಅವನ ಮುಖ ನೆಲವನ್ನೇ ನೋಡುತ್ತದೆ. ಕುತ್ತಿಗೆ ಏಳುವುದಿಲ್ಲ. ಅಪ್ಪ ಊರಿನವರನ್ನು ಕಾಲಿನಿಂದ ಗುರುತಿಸುತ್ತಾನೆ. ಚಪ್ಪಲಿ ನೋಡಿ, ಹಿಮ್ಮಡಿಯ ಒಡಕು ನೋಡಿ, "ಬಸಪ್ಪಾ, ಎಲ್ಲಿ ಹೊಂಟಿ?" ಎಂದು ಕೇಳುತ್ತಾನೆ. ಒಂದು ಸಲವೂ ತಪ್ಪಿಲ್ಲ. ನಾವು ಮಕ್ಕಳು ಅದನ್ನು ಅಪ್ಪನ ಜಾಣತನವೆಂದು ಹೊಗಳುತ್ತಿದ್ದೆವು. ಆ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ, ಆ ಜಾಣತನ ಎಲ್ಲಿಂದ ಬಂದದ್ದೆಂದು ಹೊಳೆಯಿತು. ಅದೇ ದಾರಿಯಲ್ಲಿ ನಾನೂ ಹೊರಟಿದ್ದೆ. ನನ್ನ ಹಿಂದೆ ಮಗಳು ಇದ್ದಾಳೆ ಎಂಬುದೂ ಆ ಕ್ಷಣವೇ ನೆನಪಾಯಿತು. ಎಲ್ಲ ಮಕ್ಕಳಿಗೂ ಬರಬೇಕೆಂದಿಲ್ಲ ಎಂದು ಡಾಕ್ಟರು ಹೇಳಿದರೂ ಎದೆಯೊಳಗಿನ ಭಾರ ಇಳಿಯಲಿಲ್ಲ.

ಮನೆಗೆ ಬಂದ ಮೇಲೆ ಗಂಡ ಟಿಕೆಟಿನ ಹಿಂದಿನ ಹೆಸರನ್ನು ಸಾಲೆಯ ಪಾಠದಂತೆ ಓದಿ ಹೇಳಿದರು. ಅತ್ತೆ ಕಣ್ಣು ಕಿರಿದು ಮಾಡಿ ಕೇಳಿ, "ಇದು ಬ್ಯಾನಿ ಹೆಸರೋ, ಔಷಧದ ಹೆಸರೋ?" ಎಂದರು. ಆ ದಿನ ನಾವು ನಕ್ಕದ್ದು ಅದೊಂದೇ ಸಲ. ಅಪ್ಪನಿಗೆ ಮಾತ್ರ ಹೇಳಬಾರದೆಂದು ನಾನು ಇಬ್ಬರ ಹತ್ತಿರವೂ ಮಾತು ತೆಗೆದುಕೊಂಡೆ. ತನ್ನಿಂದ ಮಗಳಿಗೆ ಬಂತು ಎಂದು ತಿಳಿದರೆ ಆತ ಒಳಗೊಳಗೇ ಕುಸಿಯುತ್ತಾನೆ ಎಂದು ನನಗೆ ಗೊತ್ತಿತ್ತು.

ಡಾಕ್ಟರು ಅಂದೇ ಮಾತ್ರೆ ಬರೆದಿದ್ದರು. ಮಾತ್ರೆಯ ಕೆಳಗೆ ಒಂದು ಗೆರೆ ಎಳೆದು "ವ್ಯಾಯಾಮ, ದಿನವೂ, ಜೀವನಪೂರ್ತಿ" ಎಂದೂ ಬರೆದಿದ್ದರು. ಅದನ್ನು ಕಲಿಸಲು ಸುಜಾತಾ ಅವರ ಹತ್ತಿರ ಕಳಿಸಿದರು. ಸುಜಾತಾ ಫಿಜಿಯೋಥೆರಪಿಸ್ಟ್, ತಿಕೋಟಾದವರು. ವಾರವೆಲ್ಲ ನಗರದಲ್ಲಿ ಕೆಲಸ ಮಾಡಿ ಶನಿವಾರ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಜನರನ್ನು ನೋಡುತ್ತಿದ್ದರು. ಶನಿವಾರ ಗಂಡನಿಗೆ ಅರ್ಧ ದಿನದ ಸಾಲೆ. ಅವರ ಜೊತೆಯೇ ಬಸ್ಸಿನಲ್ಲಿ ಹೋಗಿ ಜೊತೆಯೇ ಬರುವುದೆಂದಾಯಿತು. ಆ ಕೋಣೆಯಲ್ಲಿ ಒಂದು ಚಾಪೆ, ಒಂದು ಕನ್ನಡಿ, ಒಂದು ಖಾಲಿ ಗೋಡೆ. ಹಿತ್ತಲಲ್ಲಿ ಅವರ ತಂದೆ ಒಣದ್ರಾಕ್ಷಿ ಆರಿಸುತ್ತಿದ್ದರು. ಹೋದವರಿಗೆಲ್ಲ ಒಂದು ಹಿಡಿ ಕೊಡುತ್ತಿದ್ದರು.

ಮೊದಲ ದಿನ ಸುಜಾತಾ ನನ್ನ ಎದೆಗೆ ಟೇಪು ಸುತ್ತಿದರು. ಇಪ್ಪತ್ತು ವರ್ಷ ನಾನು ಬೇರೆಯವರ ಎದೆಗೆ ಸುತ್ತಿದ ಅದೇ ಟೇಪು.

"ಉಸರು ಪೂರಾ ಬಿಡ್ರಿ. ಹಾಂ. ಈಗ ಎಷ್ಟ್ ಆಗತೈತಿ ಅಷ್ಟು ತುಂಬ್ಕೋರಿ."

ನಾನು ತುಂಬಿಕೊಂಡೆ. ತಲೆ ಬಗ್ಗಿಸಲು ಆಗದಿದ್ದರೂ ಕನ್ನಡಿಯಲ್ಲಿ ಟೇಪಿನ ಗೆರೆ ನೋಡಿ ಲೆಕ್ಕ ಹಾಕಿದೆ. ಅರ್ಧ ಇಂಚು. ಬ್ಲೌಸಿನ ಒಳಗೆ, ಮುಂದೆ ಸಡಿಲಿಸಿಕೊಳ್ಳಲೆಂದು ನಾನು ಬಿಡುವ ಬಟ್ಟೆ ಅದಕ್ಕಿಂತ ಹೆಚ್ಚು. ಎದೆಗೂಡೂ ಬಿಗಿಯುತ್ತಿದೆ ಎಂದು ಅವರು ಹೇಳುವ ಮೊದಲೇ ನನಗೆ ತಿಳಿಯಿತು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲು ಹೇಳಿದರು. ಹಿಮ್ಮಡಿ ಗೋಡೆಗೆ ತಾಗಿತು, ಸೊಂಟ ತಾಗಿತು, ತಲೆ ತಾಗಲಿಲ್ಲ. ನಡುವಿನ ಸಂದಿನಲ್ಲಿ ಅವರು ನಾಲ್ಕು ಬೆರಳು ತೂರಿಸಿದರು.

"ಹೆದರಬ್ಯಾಡ್ರಿ," ಎಂದರು. "ನಿಮ್ಮ ಎಲುಬು ಇನ್ನೂ ಬೆಸದಿಲ್ಲ. ಸ್ನಾಯು ಬಿಗದಾವ ಅಷ್ಟ. ಸುಮ್ನ ಕುಂತ್ರ ಈ ಬ್ಯಾನಿ ಮುಂದ ಮುಂದ ಹೊಕ್ಕೈತಿ. ನೀವು ದಿನಾ ಅಲ್ಲಾಡಸ್ರಿ. ಅರ್ಧ ತಾಸು. ಹಬ್ಬ ಇರಲಿ, ಮದಿವಿ ಇರಲಿ."

ಕಲಿಸಿದ್ದು ದೊಡ್ಡ ಕಸರತ್ತೇನಲ್ಲ. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ ಎರಡೂ ಬದಿಗೆ ವಾಲಿಸುವುದು. ಸೊಂಟ ಎತ್ತಿ ಇಳಿಸುವುದು. ದನದಂತೆ ಅಂಗೈ ಮೊಣಕಾಲು ಊರಿ ಬೆನ್ನನ್ನು ಮೇಲಕ್ಕೆ ಉಬ್ಬಿಸುವುದು, ಕೆಳಕ್ಕೆ ತಗ್ಗಿಸುವುದು. ಹೊಟ್ಟೆಯ ಮೇಲೆ ಮಲಗಿ ಎದೆ ಎತ್ತುವುದು. ಗೋಡೆಗೆ ಬೆನ್ನು ಕೊಟ್ಟು ತೋಳುಗಳನ್ನು ಮೇಲಕ್ಕೆ ಜಾರಿಸುವುದು. ಕೊನೆಗೆ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು, ಆ ಕೈಯನ್ನು ಉಸಿರಿನಿಂದ ಹೊರಕ್ಕೆ ತಳ್ಳುವುದು.

ಮನೆಯಲ್ಲಿ ಮೊದಲ ಬೆಳಿಗ್ಗೆ ಚಾಪೆ ಹಾಸಿದಾಗ ಅತ್ತೆ ಬಾಗಿಲಲ್ಲಿ ನಿಂತರು. "ಎದ್ದು ನಿಂದರಾಕ ಆಗದಾಕಿ ನೆಲದ ಮ್ಯಾಗ ಬಿದ್ದು ಕಾಲ ಎತ್ತೂದಂದ್ರ ಏನ್ ಬೇ ಇದು? ಬ್ಯಾನಿ ಇದ್ದಾಕಿಗಿ ದುಡಿಸ್ತಾರೇನು?" ಎಂದು ಸಿಟ್ಟಾದರು. ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಮೊದಲ ಎರಡು ವಾರ ನಾನು ಹಲ್ಲು ಕಚ್ಚಿ ಅಳುತ್ತಲೇ ಮಾಡಿದೆ. ಎರಡನೆಯ ವಾರದ ಕೊನೆಗೆ ಚಾಪೆ ಸುತ್ತಿ ಮೂಲೆಗಿಟ್ಟು, ಇದು ನನ್ನಿಂದಾಗದು ಎಂದು ಗಂಡನಿಗೆ ಹೇಳಿದೆ. ಮರುದಿನ ಬೆಳಿಗ್ಗೆ ನಾನು ಏಳುವ ಮೊದಲೇ ಚಾಪೆ ಹಾಸಿತ್ತು. ಗಂಡ ಹಾಸಿದ್ದಾರೆ ಎಂದುಕೊಂಡೆ. ನೋಡಿದರೆ ಅತ್ತೆ ಚಾಪೆಯ ತುದಿಯಲ್ಲಿ ಮಣೆ ಹಾಕಿಕೊಂಡು ಕೂತಿದ್ದರು.

"ಮಾಡು. ನಾ ಎಣಸ್ತೇನಿ," ಎಂದರು. "ನೀ ಹಂಗ ಮಲಕೊಂಡಿದ್ದ ಹತ್ತ ದಿನದಾಗ ನಿನ್ನ ಗತಿ ಏನಾತು ನಾ ಕಣ್ಣಾರೆ ನೋಡೇನಿ. ಅದಕಿಂತ ಇದು ಪಾಡ."

ನಾನು ಮೊಣಕಾಲು ಮಡಚಿದೆ. ಅವರು, "ಲಾಭಾ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನದೆ ಲಾಭ ಎನ್ನುವುದು ವ್ಯಾಪಾರಿಗಳ ರೂಢಿ. ಅತ್ತೆಗೆ ಬೇರೆ ಎಣಿಕೆಯೇ ಬಾರದು. "ನಗಬ್ಯಾಡ ಬೇ, ಎಣಿಕಿ ತಪ್ಪತೈತಿ. ಲಾಭಾ, ಎರಡಾ, ಮೂರಾ..." ಅಂದಿನಿಂದ ನನ್ನ ಬೆನ್ನು ಜೋಳದಂತೆ ಅಳೆಯಲ್ಪಟ್ಟಿತು.

ಯಾವ ದಿನ ಎಂದು ಬರೆದಿಟ್ಟುಕೊಂಡಿಲ್ಲ. ಆರೇಳು ವಾರ ಆಗಿರಬೇಕು. ಒಂದು ಬೆಳಿಗ್ಗೆ ಅಂಗೈ ಮೊಣಕಾಲು ಊರಿ ಬೆನ್ನು ಉಬ್ಬಿಸುತ್ತಿದ್ದೆ. ಯಾವಾಗಲೂ ಸೊಂಟದ ಹತ್ತಿರ ಒಂದು ಜಾಗ ಬಾಗುತ್ತಲೇ ಇರಲಿಲ್ಲ. ಆ ದಿನ ಅದು ಬಾಗಿತು. ನೋವಿಲ್ಲದೆ, ಸದ್ದಿಲ್ಲದೆ, ಒಂದೊಂದೇ ಮಣಿ ಸರಿದಂತೆ ಕೆಳಗಿನಿಂದ ಮೇಲಿನವರೆಗೆ ಸಾಗಿತು. ನಾನು ಅಲ್ಲಿಗೇ ತಡೆದೆ. ಮತ್ತೊಮ್ಮೆ ಮಾಡಿದೆ. ಮತ್ತೊಮ್ಮೆ ಬಾಗಿತು. ಬೆನ್ನ ಮೇಲೆ ಮಲಗಿ ಉಸಿರು ಎಳೆದರೆ ಅದು ಪಕ್ಕೆಯವರೆಗೆ ಹೋಗಿ ನಿಲ್ಲದೆ, ಬೆನ್ನ ಹಿಂದಿನ ಚಾಪೆಯನ್ನೂ ಒತ್ತಿತು. ಅಷ್ಟು ದೊಡ್ಡ ಉಸಿರು ನನ್ನೊಳಗೆ ಹಿಡಿಯುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಯಾರೂ ಕೊಯ್ದಿರಲಿಲ್ಲ, ಯಾರೂ ಎಳೆದಿರಲಿಲ್ಲ. ಮಾತ್ರೆ ಉರಿ ತಗ್ಗಿಸಿತ್ತು, ನಿಜ. ಆದರೆ ಈ ದಾರಿ ಬಿಡಿಸಿದ್ದು ದಿನವೂ ನೆಲದ ಮೇಲೆ ಕಳೆದ ಆ ಅರ್ಧ ತಾಸು. ನನ್ನ ಸ್ವಂತ ಮೈ, ಇಷ್ಟು ದಿನ ನನಗೆ ಮೋಸ ಮಾಡಿತೆಂದು ನಾನು ಬೈದ ಮೈ, ಕೇಳಿದ್ದಕ್ಕೆ ಹೀಗೆ ಉತ್ತರ ಕೊಟ್ಟಿತಲ್ಲ ಎಂದು ಮೈ ಜುಮ್ಮೆಂದಿತು.

"ಯಾಕ ನಿಲ್ಲಿಸಿದಿ?" ಎಂದರು ಅತ್ತೆ.

"ಬಾಗಿತ್ರಿ ಅತ್ತಿ," ಎನ್ನುತ್ತ ಮತ್ತೆ ಅಂಗೈ ಮೊಣಕಾಲು ಊರಿದೆ.

ಅವರು ಎದ್ದು ಬಂದು ನನ್ನ ಬೆನ್ನ ಮೇಲೆ ಕೈ ಇಟ್ಟರು. "ಮತ್ತ ಮಾಡು," ಎಂದರು. ಮಾಡಿದೆ. ಕೈ ತೆಗೆಯದೆ ಅವರು ಬಹಳ ಹೊತ್ತು ಹಾಗೇ ನಿಂತಿದ್ದರು.

ಆಮೇಲೆ ಎಲ್ಲ ಸುಸೂತ್ರವಾಯಿತು ಎಂದರೆ ಸುಳ್ಳಾದೀತು. ಮುಂದಿನ ಲಗ್ನದ ಸುಗ್ಗಿಯಲ್ಲಿ ಅಂಗಡಿಯ ತುಂಬ ಬ್ಲೌಸು. ನಾನೀಗ ಆರಾಮಾಗಿದ್ದೇನಲ್ಲ ಎಂಬ ಸೊಕ್ಕು ಬೇರೆ. ಎರಡು ವಾರ ಚಾಪೆ ಮುಟ್ಟಲಿಲ್ಲ. ಹದಿನೈದನೆಯ ಬೆಳಿಗ್ಗೆ ಹಳೆಯ ಹಲಗೆ ತಿರುಗಿ ಬಂದಿತ್ತು. ಸುಜಾತಾ ಬಯ್ಯಲಿಲ್ಲ. "ದಿನಾ ಊಟ ಮಾಡ್ತೀರಲ್ರಿ, ನಿನ್ನೆ ಉಂಡಿದ್ದು ಇವತ್ತಿಗಿ ಬರತೈತೇನು? ಇದೂ ಹಂಗ," ಎಂದು ಮತ್ತೆ ಮೊದಲಿನಿಂದ ಹಚ್ಚಿದರು. ಸಡಿಲಾಗಲು ಒಂದು ತಿಂಗಳು ಹಿಡಿಯಿತು. ಅಂದಿನಿಂದ ಬಿಟ್ಟಿಲ್ಲ. ಮದುವೆ ಮನೆಗೆ ಹೋದರೂ ಎಲ್ಲರಿಗಿಂತ ಮೊದಲೆದ್ದು ಒಂದು ಮೂಲೆ ಹುಡುಕಿಕೊಳ್ಳುತ್ತೇನೆ. ಮೊದಮೊದಲು ಜನ ನಗುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಬಂದು, ತಮ್ಮ ಮೊಣಕಾಲಿಗೆ ಏನು ಮಾಡಬೇಕು ಎಂದು ಕೇಳುತ್ತಾರೆ. ಡಾಕ್ಟರನ್ನು ಕೇಳಿ ಎನ್ನುತ್ತೇನೆ.

ಅಪ್ಪನಿಗೆ ತಿಳಿದದ್ದೂ ಹೀಗೆ ಹೋದಲ್ಲಿ ವ್ಯಾಯಾಮ ಮಾಡುವಾಗಲೇ. ಸಾರವಾಡಕ್ಕೆ ಹೋಗಿ ಎರಡು ದಿನ ಉಳಿದಿದ್ದೆ. ಬೆಳಿಗ್ಗೆ ಅಣ್ಣ ಹೊಲಕ್ಕೆ ಹೋಗಿದ್ದ, ಅತ್ತಿಗೆ ಎಮ್ಮೆ ಹಿಂಡುತ್ತಿದ್ದಳು. ಅಪ್ಪ ಹೊರಗೆ ಕಟ್ಟೆಯ ಮೇಲಿದ್ದಾನೆ ಎಂದುಕೊಂಡು ಪಡಸಾಲೆಯಲ್ಲಿ ಚಾದರ ಹಾಸಿ ಬೆನ್ನ ಮೇಲೆ ಮಲಗಿ ಸೊಂಟ ಎತ್ತುತ್ತಿದ್ದೆ. ಬಡಿಗೆಯ ಸದ್ದು ಕೇಳಿಸಿತು. ಅಪ್ಪ ನನ್ನ ತಲೆಯ ಹತ್ತಿರ ಬಂದು ನಿಂತ.

ಇಷ್ಟು ವರ್ಷ ಅಪ್ಪನಿಗೆ ಮುಖ ತೋರಿಸಬೇಕೆಂದರೆ ನಾನು ಕುಕ್ಕರಗಾಲಲ್ಲಿ ಕೂತು ಮೇಲೆ ನೋಡಬೇಕಾಗಿತ್ತು. ಆ ದಿನ ನಾನು ನೆಲದ ಮೇಲಿದ್ದೆ. ಆತನ ಕಣ್ಣು ಇರುವುದೇ ನೆಲದ ಕಡೆಗೆ. ಇಬ್ಬರೂ ಏನೂ ಪ್ರಯಾಸಪಡದೆ ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿದೆವು. ಅಪ್ಪನ ಹುಬ್ಬು ಪೂರ್ತಿ ಬೆಳ್ಳಗಾದದ್ದನ್ನು ನಾನು ಕಂಡದ್ದು ಆಗಲೇ.

"ಏನ್ ಮಾಡಾಕತ್ತೀ ಯವ್ವಾ?" ಎಂದ.

"ಸ್ವಲ್ಪ ವ್ಯಾಯಾಮ ಯಪ್ಪಾ."

ನಾನು ಮಗ್ಗುಲಾಗಿ ಕೈ ಊರಿ ಎದ್ದು ಕೂತೆ. ಏಳುವ ರೀತಿಯನ್ನು ಆತ ಗಮನಿಸಿದ. ನಲವತ್ತು ವರ್ಷ ಹಾಗೆ ಎದ್ದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಂದ ಏನು ಇದು?" ಎಂದು ಕೇಳಿದ.

ಸುಳ್ಳು ಹೇಳಲು ಬಾಯಿ ತೆರೆದೆ. ಆ ಮುಖದ ಮುಂದೆ ಸುಳ್ಳು ಬರಲಿಲ್ಲ. "ಹೂಂ ಯಪ್ಪಾ," ಎಂದೆ.

ಅಪ್ಪ ಬಡಿಗೆಯನ್ನು ಗೋಡೆಗೆ ಒರಗಿಸಿ, ಕಂಬ ಹಿಡಿದು, ಮೆಲ್ಲಗೆ ನನ್ನ ಪಕ್ಕ ಕೂತ. ಆತನ ಕಣ್ಣಲ್ಲಿ ನೀರಿತ್ತು. ನಾನು ಹೆದರಿದ್ದ ಮಾತು ಯಾವುದೂ ಬರಲಿಲ್ಲ. "ಇದನ್ನ ಮಾಡಿದ್ರ ಬಾಗೂದು ನಿಲ್ತೈತೇನು?" ಎಂದ.

"ನನಗ ನಿಂತೈತಿ ಯಪ್ಪಾ. ನೋಡು," ಎಂದು ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅಪ್ಪನಿಗೆ ಕಾಣುವುದು ನನ್ನ ಹಿಮ್ಮಡಿ ಮಾತ್ರ. ಅದಕ್ಕೆ ಆತನ ಕೈ ಹಿಡಿದು ಎಬ್ಬಿಸಿ, ನನ್ನ ತಲೆಯ ಹಿಂದೆ ಗೋಡೆಗೆ ತಾಗಿದ ಜಾಗದಲ್ಲಿ ಬೆರಳು ಇರಿಸಿದೆ. ತೋಳು ಅಷ್ಟು ಎತ್ತರಕ್ಕೆ ಏಳಲು ಕಷ್ಟಪಟ್ಟಿತು. ನಡುವೆ ಸಂದಿರಲಿಲ್ಲ. ಅಪ್ಪ ತಲೆಗೂ ಗೋಡೆಗೂ ನಡುವೆ ಬೆರಳು ತೂರಿಸಲು ನೋಡಿ, ಆಗದೆ, "ಭಲೇ," ಎಂದ.

ಆ ಕೂಡಲೇ ಮತ್ತೆ ಕೇಳಿದ. "ಈ ವಯಸ್ಸಿನ್ಯಾಗ ನಾ ಮಾಡಿದ್ರ ನಡೀತೈತೇನ್ ಬೇ?"

ಮೊದಲು ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ, ಆಮೇಲೆ ಒಂದು ಶನಿವಾರ ಅಣ್ಣ ಅವನನ್ನು ತಿಕೋಟಾಕ್ಕೆ ಕರೆತಂದ. ಸುಜಾತಾ ನೆಲದ ಮೇಲೆ ಕೂತು ಅಪ್ಪನ ಮುಖ ನೋಡಿ ಮಾತಾಡಿದರು. ಹಾಗೆ ಕೂತು ಮಾತಾಡಿದ ಮೊದಲ ಆಸ್ಪತ್ರೆಯವರು ಅವರು.

"ಅಜ್ಜಾರ, ಸುಳ್ಳ ಹೇಳಂಗಿಲ್ಲ. ಬೆನ್ನು ನೆಟ್ಟಗ ಆಗಂಗಿಲ್ರಿ."

"ನೆಟ್ಟಗಾಗಿ ನಾ ಏನು ಮಿಲ್ಟ್ರಿ ಸೇರಬೇಕಾಗೈತೇನು?" ಎಂದ ಅಪ್ಪ. "ಉಸರು ಸಾಲವಲ್ದವ್ವಾ. ನಾಕ ಮಾತ ಆಡಿದ್ರ ದಮ್ಮ ಹತ್ತತೈತಿ. ಅದಕ್ಕ ಏನರ ಇದ್ರ ಹೇಳು."

ಸುಜಾತಾ ಅಪ್ಪನಿಗೆ ಬೆನ್ನು ತಿರುಚುವ ಯಾವುದನ್ನೂ ಕೊಡಲಿಲ್ಲ. ಕೂತಲ್ಲೇ ಕಾಲು ಚಾಚುವುದು, ತೋಳು ಎತ್ತುವುದು, ಉಸಿರು ತುಂಬಿ ಪಕ್ಕೆ ಹಿಗ್ಗಿಸುವುದು, ದಿನಕ್ಕೆ ಎರಡು ಸಲ ಮನೆಯ ಮುಂದೆ ನಡೆಯುವುದು. ಅಷ್ಟೇ. ಅಪ್ಪ ಅದನ್ನು ಎಷ್ಟು ನಿಷ್ಠೆಯಿಂದ ಹಿಡಿದನೆಂದರೆ ಅಣ್ಣ ಫೋನು ಮಾಡಿ, "ಅಪ್ಪ ಎಮ್ಮಿಗಿ ಮೇವು ಹಾಕೂದನ್ನರ ಬಿಡ್ತಾನ, ಇದನ್ನ ಬಿಡವಲ್ಲ," ಎಂದು ನಗುತ್ತಿದ್ದ. ನಾಲ್ಕು ತಿಂಗಳ ಮೇಲೆ ಅಪ್ಪ ಟಿಫಿನ್ ಡಬ್ಬಿ ಹಿಡಿದು ಹೊಲದವರೆಗೆ ನಡೆದನಂತೆ. ಅಣ್ಣ ಅದನ್ನು ಹೇಳುವಾಗ ನಗುತ್ತಿರಲಿಲ್ಲ.

ಉಸಿರು ತುಂಬಿದರೆ ನನ್ನ ಎದೆಯ ಅಳತೆ ಈಗ ಒಂದೂವರೆ ಇಂಚು ಹಿಗ್ಗುತ್ತದೆ. ರೋಗ ಹೋಗಿಲ್ಲ. ಕೆಲವು ಬೆಳಿಗ್ಗೆ ಈಗಲೂ ಮೈ ಕಟ್ಟಿಗೆಯಾಗಿರುತ್ತದೆ, ಮಾತ್ರೆ ಇದೆ, ಆರು ತಿಂಗಳಿಗೊಮ್ಮೆ ಡಾಕ್ಟರಿದ್ದಾರೆ. ಮಗಳಿಗೂ ಎಲ್ಲ ಹೇಳಿದ್ದೇನೆ. ಬೆನ್ನು ಹಿಡಿದರೆ ಮಲಗಬೇಡ, ನನಗೆ ಫೋನು ಮಾಡು ಎಂದಿದ್ದೇನೆ. ನನ್ನ ಅಪ್ಪನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಸಾರವಾಡದಿಂದ ಮರಳುವ ದಿನ, ಅಪ್ಪ ನನ್ನನ್ನು ಬಸ್ಸಿಗೆ ಕಳಿಸುತ್ತೇನೆಂದು ಹಟ ಹಿಡಿದ. ಬಡಿಗೆ ಊರಿಕೊಂಡು, ಎದುರಾದವರ ಕಾಲು ನೋಡಿ ಹೆಸರು ಹಿಡಿದು ಮಾತಾಡಿಸುತ್ತ ಬಂದ. ಅದರಿಂದ ನಮಗೆ ತಡವಾಯಿತು. ರಸ್ತೆ ಇನ್ನೂ ನೂರು ಹೆಜ್ಜೆ ಇರುವಾಗಲೇ ವಿಜಯಪುರದ ಬಸ್ಸು ಬಂದು, ನಿಂತು, ಹೊರಟೂ ಬಿಟ್ಟಿತು. ನಾನು ಕೈ ಎತ್ತಿದೆ. ಯಾರೂ ನೋಡಲಿಲ್ಲ. ಹೋಗಲಿ, ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಅಪ್ಪನಿಗೆ ಹೇಳಲು ತಿರುಗಿದೆ.

ಅಪ್ಪ ಎರಡೂ ಕೈ ಬಡಿಗೆಗೆ ಊರಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. ಅಂಗಿಯ ಕೆಳಗೆ ಪಕ್ಕೆಗಳು ಅಗಲವಾಗುವುದು ನನಗೆ ಕಾಣಿಸಿತು. ಆಮೇಲೆ ಮುಖ ನೆಲದ ಕಡೆಗಿದ್ದಂತೆಯೇ ಕೂಗಿದ.

"ಏಯ್! ನಿಂದರಸ್ರೋ! ನನ್ನ ಮಗಳು ಬರಾಕತ್ತಾಳ!"

ಅಷ್ಟು ದೊಡ್ಡ ದನಿ ನಾನು ಆತನಿಂದ ಕೇಳಿ ಎಷ್ಟು ವರ್ಷವಾಗಿತ್ತೋ. ಚಹಾದ ಅಂಗಡಿಯವರು ತಿರುಗಿ ನೋಡಿದರು. ಬಸ್ಸಿನ ಬ್ರೇಕು ಕಿರುಗುಟ್ಟಿತು. ಕಂಡಕ್ಟರು ಬಾಗಿಲಿನಿಂದ ತಲೆ ಹೊರಹಾಕಿದ.

ನಾನು ಅಪ್ಪನನ್ನೇ ನೋಡುತ್ತ ನಿಂತಿದ್ದೆ.

"ಹೋಗ್ ಬೇ, ನಿಂತೀ ಯಾಕ?" ಎಂದ ಆತ. "ಬಸ್ ಕಾಯಾಕತ್ತೈತಿ."

ನಾನು ಓಡಿದೆ.